ಗಂಡನಿಗೊಂದು ಒಡಪು

ಬರೆಯುವವರಲ್ಲಿ ಎರಡು ಪಕ್ಷ. ಕೂತು ಬೆವರು ಸುರಿಸಿದರೆ ಮಾತು ಹದಕ್ಕೆ ಬಂದೇ ಬರುತ್ತದೆ ಎನ್ನುವವರು ಒಂದು ಕಡೆ. ಹೊಳೆಯಬೇಕು, ಹೊಳೆಯದಿದ್ದರೆ ತಲೆ ಚಚ್ಚಿಕೊಂಡರೂ ಇಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಅಕ್ಷರ ಕಲಿತದ್ದೇ ಮೊಮ್ಮಕ್ಕಳಾದ ಮೇಲೆ. ಈಗಲೂ ನನ್ನ ಒಂದೊಂದು ಅಕ್ಷರ ಬದನೆಕಾಯಿಯಷ್ಟು ದಪ್ಪ. ಆದರೂ ಈ ಜಗಳದಲ್ಲಿ ನಾನೊಂದು ಮಾತು ಆಡಬಹುದು. ಎರಡೂ ಕಡೆ ಏಟು ತಿಂದವಳು ನಾನು.

ನಮ್ಮ ಶಹಾಬಾದದ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಬರೀ ಬಾಯಿಂದ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಓಣಿಯ ಸೊಸೆಯಂದಿರಿಗೆಲ್ಲ ಒಡಪು ಕಟ್ಟಿ ಕೊಡುವವಳು ನಾನೇ. ಕುಡುಕನ ಹೆಂಡತಿಗೂ ಚಂದದ್ದೊಂದು ಕಟ್ಟಿ ಕೊಟ್ಟಿದ್ದೇನೆ. ಬೇರೆಯವಳ ಗಂಡನನ್ನು ಹೊಗಳುವುದು ಸುಲಭ, ಅವನ ಜೊತೆ ಬಾಳುವ ಕರ್ಮ ನಮ್ಮದಲ್ಲ. ನನ್ನ ಮುದುಕನಿಗೆ ಮಾತ್ರ ನಾನು ಕಟ್ಟಿದ್ದು ಒಂದೂ ಇರಲಿಲ್ಲ. ಅತ್ತೆ ಕಲಿಸಿದ್ದನ್ನೇ ಹೇಳಿಕೊಂಡು ಬಂದೆ. ಅದರಲ್ಲಿ ಬೆಳ್ಳಿ ಬಟ್ಟಲಿತ್ತು, ಹಾಲು ಸಕ್ಕರೆಯಿತ್ತು. ನಮ್ಮ ಮನೆಯಲ್ಲಿ ಬೆಳ್ಳಿ ಬಟ್ಟಲು ಯಾವತ್ತೂ ಇರಲಿಲ್ಲ. ಸಕ್ಕರೆ ಈಗ ಮುದುಕನ ರಕ್ತದಲ್ಲಷ್ಟೇ ಇದೆ.

ಈ ಸಲ ಬಂದದ್ದು ಮೊಮ್ಮಗಳ ಕುಬಸ. ಅವಳ ಅತ್ತೆ, ಸುಲೇಪೇಟದ ನಾಗಮ್ಮ, ಒಡಪಿನಲ್ಲಿ ಗಟ್ಟಿಗಿತ್ತಿ. "ನಿಮ್ಮ ಅಜ್ಜಿಗಿ ಹೇಳು, ಆ ಹಳೇ ಬಟ್ಟಲ ನನ್ನ ಮುಂದ ತರಬ್ಯಾಡ ಅಂತ" ಎಂದು ಮೊಮ್ಮಗಳ ಕೈಯಲ್ಲಿ ಮೊದಲೇ ಹೇಳಿ ಕಳಿಸಿದ್ದಳು. ಇವಳ ಮುಂದೆ ಸೋತರೆ ಓಣಿಯಲ್ಲಿ ನನ್ನನ್ನು ಯಾರು ಕೇಳುತ್ತಾರೆ? ಸೀಮೆಸುಣ್ಣ ಹಿಡಿದು ಅಡುಗೆಮನೆಯ ಫರ್ಶಿಕಲ್ಲಿನ ನೆಲದ ಮೇಲೆ ಕೂತೆ. ಬರೆದೆ, ಒದ್ದೆ ಬಟ್ಟೆಯಿಂದ ಒರೆಸಿದೆ, ಮತ್ತೆ ಬರೆದೆ.

"ಅತ್ತಿ, ಫರ್ಶಿ ಏನು ಸಾಲಿ ಪಾಟಿ ಮಾಡೀರಿ? ಕಲ್ಲು ಸವದು ಹೋಗ್ತದ" ಎಂದಳು ಸೊಸೆ.

"ನಿನ್ನ ಮಾವನ ಗುಣ ಹುಡಕಾಕತ್ತೀನಿ. ಕಂಡರ ಹೇಳು."

"ನಾ ಈ ಮನಿಗಿ ಬರೂಕಿಂತ ಮೊದಲೇ ಕಳದಿರಬೇಕ್ರಿ" ಎಂದು ಅವಳು ನನ್ನನ್ನು ದಾಟಿಕೊಂಡು ಹೋದಳು.

ಕೊನೆಗೊಂದು ಸಿದ್ಧವಾಯಿತು:

ಚಂದ್ರಗ ಅಡ್ಡ ಬರ್ತದ ಮೋಡದ ಮರಿ,
ಶರಣಪ್ಪನ ಗುಣಕ್ಕ ಯಾರೂ ಬರಂಗಿಲ್ಲ ಸರಿ.

ಪ್ರಾಸ ಕೂತಿತ್ತು, ತೂಕ ಕೂತಿತ್ತು. ಸುಳ್ಳೂ ಫರ್ಶಿಯಷ್ಟೇ ನುಣುಪಾಗಿತ್ತು.

ಕುಬಸದ ದಿನ ಆರತಿ ತಟ್ಟೆ ಹಿಡಿದು ನಿಂತೆ. "ಹೆಸರು ಹೇಳ್ರಿ, ಹೆಸರು" ಎಂದು ಹೆಂಗಸರು ಮುತ್ತಿಕೊಂಡರು. ಬಾಯಿಪಾಠ ಮಾಡಿದ್ದೆಲ್ಲ ಮಂಗಮಾಯ. ಚಂದ್ರನೂ ಇಲ್ಲ, ಮೋಡವೂ ಇಲ್ಲ. "ಅಜ್ಜಿಗಿ ಅಜ್ಜನ ಹೆಸರೇ ಮರತಂಗ ಕಾಣ್ತದ" ಎಂದು ನಾಗಮ್ಮ ನಕ್ಕಳು. ಅಷ್ಟರಲ್ಲಿ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ ನನ್ನ ಮುದುಕನ ದನಿ ಬಂತು: "ಏ, ಪುಂಡಿಪಲ್ಯಾಕ ಉಪ್ಪೇ ಇಲ್ಲ!"

ನನ್ನ ಬಾಯಿ ತಾನೇ ತೆರೆಯಿತು:

ಹೆಂಚಿನ ಮ್ಯಾಲಿನ ರೊಟ್ಟಿಗಿ ಅನಲಿಲ್ಲ ಒಮ್ಮಿ ಚಂದ,
ಉಪ್ಪು ಕಡಿಮಿ ಬಿದ್ದರ ಮಾತ್ರ ಶರಣಪ್ಪ ಎಲ್ಲಾರ್ಕಿಂತ ಮುಂದ.

ನಾಗಮ್ಮ ನಕ್ಕು ನಕ್ಕು ಕೆಳಗೆ ಕೂತಳು. "ಇನ್ನೊಮ್ಮಿ ಹೇಳ್ರಿ, ನನಗ ಬೇಕದು" ಎಂದು ಕಲಿತುಕೊಂಡು ಹೋದಳು. ಈಗ ಸುಲೇಪೇಟದಲ್ಲಿ ತನ್ನ ಗಂಡನ ಹೆಸರು ಹಾಕಿ ಹೇಳುತ್ತಾಳಂತೆ. ಬೇರೇನೂ ಬದಲಿಸಬೇಕಾಗಿ ಬರಲಿಲ್ಲವಂತೆ.

ನನಗೆ ಸೊಕ್ಕು ಏರಿತು. "ನೋಡು, ಹೊಳೆಯೂದಂದರ ಹಿಂಗ" ಎಂದೆ, ಪಕ್ಕದ ಮನೆಯ ಫಾತಿಮಾಬಿಗೆ.

"ಹೊಳದದ್ದೆಲ್ಲಿ ಬಂತಕ್ಕಾ? ನಾ ಮದಿವ್ಯಾಗಿ ಬಂದಾಗಿಂದ ಗ್ವಾಡಿ ಆಚಿ ಕುಂತು ಇದನ್ನೇ ಕೇಳಾಕತ್ತೀನಿ. ಇಷ್ಟು ದಿನ ಬರೇ ಬೈತಿದ್ದಿ, ಈಗ ಪ್ರಾಸ ಹಚ್ಚೀದಿ" ಎಂದಳು.

ಸೊಕ್ಕು ಇಳಿಯಿತು. ಒಲೆಯ ಮುಂದೆ ಸವೆಸಿದ ಇಡೀ ಆಯುಷ್ಯಕ್ಕೆ ಎರಡು ಸಾಲು ಬಂದಿತ್ತು, ಅಷ್ಟೇ.

ಕೆಲವು ದಿನ ಕಳೆದ ಮೇಲೆ ಮುದುಕ, ಮುಖ ನೋಡದೆ, ಸಣ್ಣ ದನಿಯಲ್ಲಿ ಕೇಳಿದ: "ಅಷ್ಟು ಮಂದಿ ಮುಂದ ಅಂದಿ. ನನ್ನ ಮ್ಯಾಲ ಛಲೋದೊಂದು ಕಟ್ಟಾಕ ಬರಂಗಿಲ್ಲೇನು ನಿನಗ?"

ಆ ದನಿ ನನಗೆ ಹಿಡಿಸಲಿಲ್ಲ. ಮತ್ತೆ ಸೀಮೆಸುಣ್ಣ ಹಿಡಿದೆ. ಒಂದು ಸಾಲೂ ಬರಲಿಲ್ಲ. ಹೋಗಲಿ, ಏನಾದರೂ ಹೊಳೆದೀತು ಎಂದು ಬೇಕಂತಲೇ ಪಲ್ಯೆಗೆ ಉಪ್ಪು ಹಾಕದೆ ಬಡಿಸಿ, ಬಾಗಿಲ ಮರೆಯಲ್ಲಿ ಕಿವಿ ಕೊಟ್ಟು ನಿಂತೆ. ಮುದುಕ ತುಟಿ ಪಿಟಕ್ಕೆನ್ನದೆ ಉಂಡು, ಕೈ ತೊಳೆದುಕೊಂಡು ಹೋದ. ಹೊಸದು ಹುಟ್ಟಲಿಲ್ಲ, ಊರೂರು ತಿರುಗುತ್ತಿರುವ ನನ್ನ ಒಂದೇ ಒಂದು ಒಳ್ಳೆಯ ಒಡಪನ್ನೂ ಸುಳ್ಳು ಮಾಡಿಬಿಟ್ಟ.

ಉಳಿದ ಪಲ್ಯೆ ಬಡಿಸಿಕೊಂಡು ಉಣ್ಣಲು ಕೂತೆ. ಮೊದಲ ತುತ್ತಿಗೇ ಸೊಸೆಯ ಕಡೆ ತಿರುಗಿ ಕೂಗಿದೆ: "ಏ, ಉಪ್ಪೇ ಇಲ್ಲಲ್ಲ ಇದಕ್ಕ!"