ತೂತು ಬಿದ್ದ ಪುರಾವೆ

ಬಳಸದೆ ಬಿದ್ದಿರುವ ದಪ್ಪ ರಟ್ಟನ್ನು ಕಂಡರೆ ಗುಳೇದಗುಡ್ಡದ ನೇಕಾರನ ಕೈ ಸುಮ್ಮನಿರುವುದಿಲ್ಲ. ಮದುವೆಯ ಕರೆಯೋಲೆ, ಅಂಗಿಯ ಡಬ್ಬಿ, ಕ್ಯಾಲೆಂಡರಿನ ಬೆನ್ನು, ಎಲ್ಲವೂ ಅವನ ಕಣ್ಣಿಗೆ ಮಗ್ಗದ ಪಟ್ಟಿಯಾಗಿಯೇ ಕಾಣುತ್ತವೆ. ನೇಕಾರ ಅಮೀನಪ್ಪನ ಮಗ ವೀರೇಶನಿಗೆ ಇದು ಹುಟ್ಟಿದಾಗಿನಿಂದ ಗೊತ್ತಿತ್ತು. ಗೊತ್ತಿದ್ದೂ ಅವನು ತನ್ನ ಕಂಪ್ಯೂಟರ್ ಆಟದ ಕಾರ್ಡನ್ನು ಅಪ್ಪನ ಕೈಗೆ ಎಟಕುವ ಗೋಡೆಯ ಮಾಡದಲ್ಲಿಯೇ ಇಟ್ಟಿದ್ದ.

ವೀರೇಶ ಊರಿನ ಸೊಸೈಟಿಯಲ್ಲಿ ಕಂಪ್ಯೂಟರ್ ಒತ್ತುವ ಕೆಲಸದಲ್ಲಿದ್ದ. ಬೇರೆ ಏನಕ್ಕೆ ಕೊರತೆಯಿದ್ದರೂ ಅವನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಬಾಗಲಕೋಟೆಯಿಂದ ಬಾದಾಮಿಯವರೆಗೆ ತನ್ನನ್ನು ಮೀರಿಸುವವರಿಲ್ಲ ಎಂದು ಅವನು ನಂಬಿದ್ದ. ಬೇರೆಯವರಿಗೆ ಅದನ್ನು ಪರೀಕ್ಷಿಸಿ ನೋಡುವಷ್ಟು ಪುರುಸೊತ್ತಿರಲಿಲ್ಲ.

ಅದು ಎರಡು ಸಾವಿರದ ಎಂಟನೆಯ ಇಸವಿ. ಅಂದು ಅವನ ವಾರದ ರಜೆ. ಬೆಳಿಗ್ಗೆಯೇ ಅವನು ಖಾಸಿಂಸಾಬನ ಅಂಗಡಿಗೆ ಹೋಗಿ ಕೂತ. ಆ ಅಂಗಡಿಯ ಮುಂಭಾಗ ಫೋಟೊ ಸ್ಟುಡಿಯೊ, ಪರದೆಯ ಹಿಂದೆ ಎರಡು ಕಂಪ್ಯೂಟರುಗಳ ಇಂಟರ್ನೆಟ್ ಸೆಂಟರು. ವೀರೇಶ ತನ್ನ ಆಟದ ಖಾತೆ ತೆರೆಯಲು ಹೋದರೆ ಅದು ತೆರೆಯಲಿಲ್ಲ. ಪಾಸ್‌ವರ್ಡು ಒತ್ತಿದ, ಮತ್ತೆ ಒತ್ತಿದ, ಕೀಲಿಮಣೆಯನ್ನು ತಲೆಕೆಳಗು ಮಾಡಿ ಕೊಡವಿ ಒತ್ತಿದ. ಖಾತೆಗೆ ಬೀಗ ಬಿದ್ದಿತ್ತು.

ಅದು ಊರು ಕಟ್ಟುವ ಆಟ. ದೇಶವಿದೇಶದವರು ಇಂಟರ್ನೆಟ್ಟಿನಲ್ಲಿ ತಮಗೆ ಬೇಕಾದ ಊರು ಕಟ್ಟುತ್ತಿದ್ದರು, ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ನೋಡಿ ಬರುತ್ತಿದ್ದರು. ವೀರೇಶ ಒಂದೂವರೆ ವರ್ಷ ತನ್ನ ರಜೆಗಳನ್ನೆಲ್ಲ ಸುರಿದು ಬಾದಾಮಿಯಂಥ ಊರು ಕಟ್ಟಿದ್ದ. ಕೆಂಪು ಬಂಡೆ, ಬಂಡೆಯ ಮೇಲೆ ಕೋಟೆ, ಕೆಳಗೆ ಹಸಿರು ನೀರಿನ ಹೊಂಡ, ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು. ಬ್ರೆಜಿಲ್ ದೇಶದ ಯಾರೋ ಒಬ್ಬ ಅದನ್ನು ನೋಡಿ, ಇಷ್ಟು ಚೆಂದದ ಊರನ್ನು ನಾನು ಎಲ್ಲೂ ಕಂಡಿಲ್ಲ ಎಂದು ಬರೆದಿದ್ದ. ವೀರೇಶ ತನ್ನ ಕೈಯಾರೆ ಮಾಡಿದ್ದನ್ನು ಚೆಂದ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ಊರು ಹೋದರೆ ತನ್ನದೆನ್ನುವುದು ಏನೂ ಉಳಿಯುವುದಿಲ್ಲ ಎಂದು ಅವನಿಗೆ ಅನಿಸಿತು.

ಕಂಪ್ಯೂಟರಿನ ತೆರೆಯ ಮೇಲೆ ಆಟದ ಕಂಪನಿಯ ಸೂಚನೆ ಮೂಡಿತ್ತು. ಈ ಖಾತೆ ತನ್ನದೆಂದು ಇನ್ನೊಬ್ಬರು ಹಕ್ಕು ಹೂಡಿದ್ದಾರೆ. ಖರೆ ಮಾಲಕ ನೀವೇ ಆಗಿದ್ದರೆ, ಡಬ್ಬಿಯೊಳಗೆ ಬಂದಿದ್ದ ಅಸಲಿ ಕಾರ್ಡಿನ ಮೇಲೆ 7714 ಎಂದು ಪೆನ್ನಿನಲ್ಲಿ ಬರೆದು, ಅದರ ಫೋಟೊ ತೆಗೆದು ಕಳಿಸಿ. ಇವತ್ತು ರಾತ್ರಿ ಎಂಟರೊಳಗೆ ಪುರಾವೆ ಬರದಿದ್ದರೆ ಖಾತೆಯನ್ನು ಅವರಿಗೆ ಕೊಡುತ್ತೇವೆ.

ಇನ್ನೊಬ್ಬರು ಯಾರೆಂದು ಊಹಿಸುವುದು ಕಷ್ಟವಿರಲಿಲ್ಲ. ವೀರೇಶ ಆ ಆಟವನ್ನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓದುತ್ತಿದ್ದ ಯುವರಾಜ ಎಂಬವನಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಡಬ್ಬಿ, ಸಿ.ಡಿ., ಕೀಲಿಸಂಖ್ಯೆ ಅಚ್ಚಾಗಿದ್ದ ಕಾರ್ಡು, ಯುವರಾಜ ಮೊದಲೇ ತೆರೆದಿದ್ದ ಖಾತೆ, ಎಲ್ಲ ಕೂಡಿ ಒಂದೇ ವ್ಯವಹಾರ. ವೀರೇಶ ಪಾಸ್‌ವರ್ಡು ಬದಲಿಸಿದ್ದ. ಖಾತೆಗೆ ಜೋಡಿಸಿದ್ದ ಯುವರಾಜನ ಮೇಲ್ ವಿಳಾಸವನ್ನು ಬದಲಿಸುವುದು ಮಾತ್ರ ಮರೆತಿದ್ದ. ಕಂಪ್ಯೂಟರ್ ಪಂಡಿತರು ಇಂಥ ಸಣ್ಣಪುಟ್ಟದ್ದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಅವನು ಯುವರಾಜನಿಗೆ ಫೋನು ಹಚ್ಚಿದ.

"ನಾ ಮಾರಿದ್ದು ಡಬ್ಬಿರಿ" ಎಂದ ಯುವರಾಜ. "ಖಾತೆ ನನ್ನ ಹೆಸರಿಲೆ ಐತಿ. ಅದನ್ನ ನಾ ಯಾವಾಗ ಮಾರೇನಿ?"

"ಖಾಲಿ ಜಾಗಾ ಕೊಟ್ಟಿದ್ದೆಲ್ಲೋ ಮಾರಾಯಾ. ಊರು ಕಟ್ಟಿದಾಂವ ನಾನು."

"ಊರು ಭಾಳ ಚಂದ ಕಟ್ಟೀರಿ ಮತ್ತ. ನಮ್ಮ ಕಾಲೇಜಿನವ್ರೆಲ್ಲಾ ನೋಡಿ ನನ್ನ ಹೊಗಳಾಕತ್ತಾರ."

ವೀರೇಶ ಫೋನಿಟ್ಟು ನಕ್ಕ. "ಅಸಲಿ ಕಾರ್ಡು ನಮ್ಮ ಮನ್ಯಾಗ ಐತಿ ಸಾಬ್ರ" ಎಂದ ಖಾಸಿಂಸಾಬನಿಗೆ. "ಅವನ ಕಡೆ ಬರೇ ಬಾಯಿ ಐತಿ. ಕ್ಯಾಮೆರಾ ತಯಾರ ಇಡ್ರಿ, ಹಿಂಗ ಹೋಗಿ ಹಂಗ ಬರ್ತೇನಿ."

ಮನೆಗೆ ಬಂದು ನೋಡಿದರೆ ಮಾಡದಲ್ಲಿ ಕಾರ್ಡಿರಲಿಲ್ಲ. ಅವ್ವ ದುರ್ಗವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು.

"ಬೇ, ಇಲ್ಲಿ ಒಂದು ಕಾರ್ಡಿತ್ತಲ್ಲ, ಗೇಣುದ್ದದ್ದು, ನೀಲಿದು, ಎಲ್ಲಿ ಹೋತು?"

"ನಿಮ್ಮಪ್ಪನ್ನ ಕೇಳು" ಎಂದಳು ದುರ್ಗವ್ವ. ಮಗನ ಮುಖ ನೋಡದೆ ಹೇಳಿದ್ದರಿಂದಲೇ ವೀರೇಶನಿಗೆ ಅರ್ಧ ಉತ್ತರ ಸಿಕ್ಕಿತು.

ಕುಪ್ಪಸದ ಬಟ್ಟೆಯಾದ ಖಣ ನೇಯುವ ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆಯೊಂದು ಸುತ್ತುತ್ತಿರುತ್ತದೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಹೇಳುವುದು ಆ ತೂತುಗಳೇ. ವೀರೇಶ ಕತ್ತೆತ್ತಿ ನೋಡಿದ. ಮಣ್ಣು ಬಣ್ಣದ ಪಟ್ಟಿಗಳ ನಡುವೆ ಒಂದು ನೀಲಿ ಪಟ್ಟಿ, ಮೈತುಂಬ ತೂತುಗಳೊಂದಿಗೆ, ಮದುಮಗನಂತೆ ಮಿಂಚುತ್ತ ಇಳಿದು ಬಂತು.

"ಯಪ್ಪಾ, ಏನ್ ಮಾಡಿದಿ ಇದು?"

ಅಮೀನಪ್ಪ ಲಾಳಿ ನಿಲ್ಲಿಸಲಿಲ್ಲ. "ಒಂದು ಪಟ್ಟಿ ಹರದಿತ್ತು. ಇದು ನೋಡು, ಅಳತಿ ತಗೊಂಡು ಮಾಡಿಸಿದಂಗ ಕೂತೈತಿ. ಎಂಥಾ ರಟ್ಟಲೇ ಅದು, ಇನ್ನೂ ಇದ್ರ ತಗೊಂಬಾ."

"ಅದನ್ನ ಬಿಚ್ಚಿ ಕೊಡು. ನನ್ನ ಊರು ಕೈಬಿಟ್ಟು ಹೋಗತೈತಿ."

"ಸಂಜಿಗೆ ಮಲಕಪ್ಪ ಸಾವ್ಕಾರ ಖಣ ನೋಡಿ ಖರೀದಿ ಮಾಡಾಕ ಬರ್ತಾನ. ಮಗ್ಗ ನಿಲ್ಲಂಗಿಲ್ಲ."

ಅಪ್ಪ ಮಗನ ದನಿ ಏರಿದ್ದೇ ತಡ, ಎದುರು ಮನೆಯ ಮಾಯವ್ವ ಕೈಯಲ್ಲಿ ಮೊರ ಹಿಡಿದುಕೊಂಡೇ ಬಂದಳು. ಅವಳ ಹಿಂದೆ ಓಣಿಯ ಹಿರಿಯ ಅಮಸಿದ್ದಪ್ಪ ಬಂದ. ಅಮಸಿದ್ದಪ್ಪನಿಗೆ ಎರಡು ಮಗ್ಗಗಳಿದ್ದವು, ಆದರೆ ನ್ಯಾಯ ಹೇಳುವುದೇ ಅವನ ಮುಖ್ಯ ಉದ್ಯೋಗವಾಗಿತ್ತು. ಮಾಯವ್ವ ಯಾವ ನ್ಯಾಯವಾದರೂ ಅದಕ್ಕೆ ಸಾಕ್ಷಿ ಹೇಳಲು ಸಿದ್ಧಳಿದ್ದಳು.

ವೀರೇಶ ಎಲ್ಲವನ್ನೂ ಬಿಡಿಸಿ ಹೇಳಿದ. ಅಮಸಿದ್ದಪ್ಪ ಕಣ್ಣು ಮುಚ್ಚಿ ಕೇಳಿ, "ಆ ಕಂಪ್ಯೂಟರ್ ಒಳಗಿನ ಜಾಗಾ ಎಷ್ಟು ಎಕರೆ ಆಗ್ತದ?" ಎಂದ.

"ಎಕರೆ ಲೆಕ್ಕ ಇಲ್ಲರಿ ಕಾಕಾ. ಒಂದು ಗುಡ್ಡ, ಒಂದು ಹೊಂಡ."

"ಹೊಂಡಕ್ಕ ನೀರು?"

"ಬ್ಯಾಸಗಿಗೂ ಬತ್ತಂಗಿಲ್ಲ."

ಅಮಸಿದ್ದಪ್ಪನ ಮುಖ ಗಂಭೀರವಾಯಿತು. ನೀರಿದ್ದ ಜಾಗವನ್ನು ವಿದ್ಯಾಗಿರಿಯವನಿಗೆ ಬಿಟ್ಟುಕೊಡುವುದು ಅವನ ಮನಸ್ಸಿಗೆ ಬರಲಿಲ್ಲ. "ಅಮೀನಪ್ಪಾ, ಆ ಕಾರ್ಡು ತಂದಾಂವ ಯಾರು?"

"ಅವನ."

"ರೊಕ್ಕಾ?"

"ಅವನ ಪಗಾರದ್ದು."

"ನಾ ಕಣ್ಣಾರೆ ನೋಡೇನಿ" ಎಂದಳು ಮಾಯವ್ವ. "ಹೋದ ವರ್ಷ ಇವ ಅದನ್ನ ಎದಿಗೆ ಅವಚಿಕೊಂಡು ಬಸ್ಸಿನಿಂದ ಇಳಿದ. ನಾ ಪೇಢಾ ಡಬ್ಬಿ ಅಂದ್ಕೊಂಡಿದ್ದೆ."

"ಹಂಗಾರ ಕಾರ್ಡು ವೀರೇಶಂದು. ಕೊಟ್ಟುಬಿಡು" ಎಂದು ಅಮಸಿದ್ದಪ್ಪ ತೀರ್ಪು ಕೊಟ್ಟ.

ಅಮೀನಪ್ಪ ಗೊಣಗುತ್ತ ಮಗ್ಗ ನಿಲ್ಲಿಸಿ, ದಾರ ಬಿಚ್ಚಿ, ಕಾರ್ಡನ್ನು ಮಗನ ಕೈಗಿಟ್ಟ. ಅದರ ಜಾಗಕ್ಕೆ ಹಾಕಲು ಯಾರದೋ ಮದುವೆಯ ಕರೆಯೋಲೆಗೆ ತೂತು ಹೊಡೆಯುತ್ತ ಕೂತ.

ಸ್ಟುಡಿಯೊಗೆ ವೀರೇಶ ಒಬ್ಬನೇ ಹೋಗಲಿಲ್ಲ. ನ್ಯಾಯ ಹೇಳಿದವನೂ ಸಾಕ್ಷಿ ಹೇಳಿದವಳೂ ಜೊತೆಗೆ ಬಂದರು. ತೂತುಗಳ ನಡುವೆ ಉಳಿದಿದ್ದ ಜಾಗದಲ್ಲಿ ವೀರೇಶ ದುಂಡಗೆ 7714 ಎಂದು ಬರೆದ. ಕೀಲಿಸಂಖ್ಯೆಯ ಒಂದೆರಡು ಅಕ್ಷರಗಳು ತೂತಿನೊಳಗೆ ಹೋಗಿದ್ದವು, ಮಿಕ್ಕವು ಓದುವಂತಿದ್ದವು. ಬರೀ ಕಾರ್ಡಿನ ಫೋಟೊ ತೆಗೆಯುವುದು ಖಾಸಿಂಸಾಬನಿಗೆ ಒಪ್ಪಲಿಲ್ಲ. "ಕಂಪನಿಯವ್ರಿಗೆ ಮಾಲಕ ಯಾರಂತ ಹೆಂಗ ತಿಳಿಬೇಕು?" ಎಂದು ವೀರೇಶನನ್ನು ನವಿಲಿನ ಚಿತ್ರದ ಪರದೆಯ ಮುಂದೆ ನಿಲ್ಲಿಸಿ, ಕಾರ್ಡನ್ನು ಎದೆಯ ಹತ್ತಿರ ಹಿಡಿಸಿದ. ಸಾಕ್ಷಿ ಇರಲಿ ಎಂದು ಮಾಯವ್ವ ಸೆರಗು ಸರಿಮಾಡಿಕೊಂಡು ಬಲಕ್ಕೆ ನಿಂತಳು. ತೀರ್ಪು ಕೊಟ್ಟವನಿಲ್ಲದೆ ಹೇಗೆ ಎಂದು ಅಮಸಿದ್ದಪ್ಪ ತಲೆಗೆ ಪಟಕಾ ಏರಿಸಿಕೊಂಡು ಎಡಕ್ಕೆ ಬಂದ. ಫೋಟೊ ಕಂಪನಿಗೆ ಹೋಯಿತು.

"ಮುಗೀತು" ಎಂದು ವೀರೇಶ ಎಲ್ಲರಿಗೂ ಚಹಾ ಹೇಳಿದ. "ಇನ್ನ ಯುವರಾಜ ತಲಿ ಕೆಳಗ ಮಾಡಿದ್ರೂ ಏನೂ ಆಗಂಗಿಲ್ಲ."

ಚಹಾ ಕುಡಿದ ಮಾಯವ್ವ ಮತ್ತು ಅಮಸಿದ್ದಪ್ಪ ಮನೆಗೆ ಹೋದರು. ವೀರೇಶ ಕಂಪನಿಯ ಉತ್ತರ ಕಾಯುತ್ತ ಕೂತ. ಇಳಿಹೊತ್ತಿಗೆ ಅಮೀನಪ್ಪ ಬನಿಯನ್ನಿನ ಮೇಲೆಯೇ ಓಡುತ್ತ ಬಂದ. ಮಗ್ಗ ಬಿಟ್ಟು ಅಪ್ಪ ಓಡುವುದನ್ನು ವೀರೇಶ ಅಲ್ಲಿಯವರೆಗೆ ಕಂಡಿರಲಿಲ್ಲ.

"ಆ ಕಾರ್ಡು ಕೊಡಲೇ. ಸಾವ್ಕಾರ ಬಂದು ಕೂತಾನ."

ನಡೆದದ್ದು ಇಷ್ಟು. ಆ ಕಾರ್ಡನ್ನು ಡಬ್ಬಿಯೊಳಗೆ ಕೊಕ್ಕೆಗೆ ಸಿಕ್ಕಿಸಲೆಂದು ಕಂಪನಿಯವರೇ ತುದಿಗೊಂದು ಉದ್ದನೆಯ ತೂತು ಬಿಟ್ಟಿದ್ದರು. ಮಗ್ಗದಲ್ಲಿ ಆ ತೂತು ಬೇಡದ ಎಳೆಯೊಂದನ್ನು ಎತ್ತಿ, ಖಣದ ಪ್ರತಿ ಹೂವಿನ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಮೂಡಿಸಿತ್ತು. ಅಮೀನಪ್ಪ ಅದನ್ನು ತಪ್ಪೆಂದು ಮುಚ್ಚಿಡಲು ನೋಡಿದರೆ, ಮಲಕಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು, "ಹೂವಿಗೆ ದುಂಬಿ ಬಂದು ಕುಂತೈತಲ್ಲೋ ಅಮೀನಪ್ಪಾ" ಎಂದಿದ್ದ. ಕರೆಯೋಲೆ ಹಾಕಿ ನೇಯ್ದ ಬಟ್ಟೆಯಲ್ಲಿ ದುಂಬಿ ಇರಲಿಲ್ಲ. ಅಮೀನಪ್ಪನ ಉಳಿಗೆ ಅಂಥ ಉದ್ದನೆಯ ತೂತು ಹೊಡೆಯಲು ಬರಲಿಲ್ಲ, ಹೊಡೆದದ್ದೆಲ್ಲ ಹರಿದುಹೋಯಿತು.

"ಒಯ್ಯಪ್ಪಾ" ಎಂದ ವೀರೇಶ ಉದಾರನಾಗಿ. "ನನ್ನ ಕೆಲಸ ಆತು."

ಅಮೀನಪ್ಪ ಅತ್ತ ಹೋದ ಮೇಲೆ, ಏಳೂವರೆಯ ಹೊತ್ತಿಗೆ ಕಂಪನಿಯ ಉತ್ತರ ಬಂತು. ಕಾರ್ಡು ಅಸಲಿ ಎಂದು ಒಪ್ಪಿದ್ದೇವೆ. ಆದರೆ ಗಿರಾಕಿ ವಾಪಸ್ ಮಾಡಿದ ಕಾರ್ಡಿಗೆ ಅಂಗಡಿಯವರು ಒಂದು ತೂತು ಹೊಡೆದು ರದ್ದು ಮಾಡುವ ಪದ್ಧತಿ ಇದೆ. ಇಷ್ಟು ಸಲ ರದ್ದಾದ ಕಾರ್ಡನ್ನು ನಾವು ಈವರೆಗೆ ನೋಡಿಲ್ಲ. ತೂತುಗಳ ಕಾರಣ ತಿಳಿಸಿ, 7714ರ ಕೆಳಗೆ ಇವತ್ತಿನ ತಾರೀಖು ಬರೆದು ಇನ್ನೊಂದು ಫೋಟೊ ಕಳಿಸಿ. ಗಡುವು ಎಂಟು ಗಂಟೆಯೇ. ಫೋಟೊದಲ್ಲಿ ಮಾಯವ್ವ, ಅಮಸಿದ್ದಪ್ಪ ಅವರ ಅಗತ್ಯವಿಲ್ಲ ಎಂಬ ಅರ್ಥದ ಒಂದು ಸಾಲೂ ಇತ್ತು.

ವೀರೇಶ ಖಾಸಿಂಸಾಬನನ್ನು ಕ್ಯಾಮೆರಾ ಸಮೇತ ಎಳೆದುಕೊಂಡು ಓಡಿದ. ಮನೆಯೊಳಗೆ ಮಲಕಪ್ಪ ಸಾವ್ಕಾರ ಕಂಬಕ್ಕೊರಗಿ ಕೂತಿದ್ದ. ಮಗ್ಗ ಓಡುತ್ತಿತ್ತು, ನೀಲಿ ಕಾರ್ಡು ಸುತ್ತುತ್ತಿತ್ತು. ಅಮಸಿದ್ದಪ್ಪ, ಮಾಯವ್ವ ಆಗಲೇ ಬಂದು ಕೂತಿದ್ದರು.

"ಯಪ್ಪಾ, ಒಂದ ಗಳಿಗಿ ನಿಲ್ಲಿಸು. ಬಿಚ್ಚೂದ ಬ್ಯಾಡ, ಅಲ್ಲೇ ತಾರೀಖು ಬರದು ಫೋಟೊ ಹೊಡಕೋತೇನಿ."

ಫೋಟೊ ಎಂಬ ಮಾತು ಕೇಳಿ ಮಲಕಪ್ಪ ನೆಟ್ಟಗೆ ಕೂತ. "ಫೋಟೊ ಗೀಟೊ ನಡಿಯಂಗಿಲ್ಲ. ಈ ಪಟ್ಟಿದು ಫೋಟೊ ಹೊರಗ ಹೋತಂದ್ರ ನಾಳಿಗೆ ಕಮತಗಿ ನೇಕಾರರ ತನಕಾ ಎಲ್ಲಾರೂ ಇದ ಖಣಾ ನೇಯ್ತಾರ. ನಾ ನಾಳೆ ಮುಂಜಾನಿ ಇಳಕಲ್ಲಿಂದ ಪಟ್ಟಿ ಹೊಡಿಯಾಂವನ್ನ ಕರಸ್ತೇನಿ, ಇದನ್ನ ನೋಡಿ ಇಡೀ ಓಣಿ ಮಗ್ಗಕ್ಕ ಹೊಡಿತಾನ, ಎಲ್ಲಾರಿಗೂ ಕೆಲಸ ಕೊಡ್ತೇನಿ. ಅಲ್ಲಿಮಟಾ ಇದಕ್ಕ ಯಾರೂ ಕೈ ಹಚ್ಚಬಾರದು."

"ಹೆಂಗ ಹಚ್ಚಬಾರದು? ಕಾರ್ಡು ನಂದು. ಮುಂಜಾನಿ ಇದ ಜಾಗಾದಾಗ ನ್ಯಾಯ ಆಗೈತಿ. ಕಾಕಾ, ನೀವ ಹೇಳ್ರಿ."

ಅಮಸಿದ್ದಪ್ಪ ಕಣ್ಣು ಮುಚ್ಚಿದ. ಸಾವ್ಕಾರ ಕೆಲಸ ಕೊಡುವೆನೆಂದ ಓಣಿಯ ಮಗ್ಗಗಳಲ್ಲಿ ಎರಡು ಅಮಸಿದ್ದಪ್ಪನವೇ ಆಗಿದ್ದವು. "ಮುಂಜಾನಿ ಮಾತು ಮುಂಜಾನಿಗೆ. ಆಗ ಅದು ಕಾರ್ಡಾಗಿತ್ತು, ಈಗ ಪಟ್ಟಿ ಆಗೈತಿ. ಕಾರ್ಡು ನಿಂದು. ಪಟ್ಟಿ ಮಗ್ಗದ್ದು."

"ಮಾಯಕ್ಕಾ, ನೀ ಕಣ್ಣಾರೆ ನೋಡೀದಿ. ನಾ ಎದಿಗೆ ಅವಚಿಕೊಂಡು ಬಂದಿದ್ದೆ."

"ಅದು ಪೇಢಾ ಡಬ್ಬಿ ಇತ್ತಲ್ಲೋ ತಮ್ಮಾ" ಎಂದಳು ಮಾಯವ್ವ. ಅವಳ ಮಗನ ಮಗ್ಗ ಎರಡು ತಿಂಗಳಿಂದ ಖಾಲಿ ನಿಂತಿತ್ತು.

ಅಮೀನಪ್ಪ ಮಗನ ಮುಖವನ್ನು ಒಮ್ಮೆ ನೋಡಿದ. ಆದರೂ ಲಾಳಿ ಓಡುತ್ತಲೇ ಇತ್ತು. "ನಂದು ನಂದು ಅಂತೀಯಲ್ಲ, ನಿಂದು ಅನ್ನಾಕ ಏನರ ಪುರಾವೆ ಐತೇನೋ?"

ವೀರೇಶನ ಧೈರ್ಯ ಮರಳಿ ಬಂತು. ಈ ಪ್ರಶ್ನೆಗೆ ಉತ್ತರ ಅವನು ಬೆಳಿಗ್ಗೆಯೇ ಬರೆದಿಟ್ಟಿದ್ದ. "ಐತಿ" ಎಂದು ಸುತ್ತಿ ಬರುತ್ತಿದ್ದ ನೀಲಿ ಕಾರ್ಡಿಗೆ ಬೆರಳು ತೋರಿಸಿದ. "ಅದರ ಮ್ಯಾಲೆ ನನ್ನ ಕೈಯಾರೆ ಬರದೇನಿ. 7714. ಅಕ್ಷರಾ ನನ್ನವು ಹೌದೋ ಅಲ್ಲೋ ನೋಡ್ರಿ."

ಮಲಕಪ್ಪ ಎದ್ದು ಕನ್ನಡಕ ಏರಿಸಿ, ಮಗ್ಗ ನಿಲ್ಲಿಸಲು ಹೇಳಿದ. ಇಷ್ಟು ಹೊತ್ತು ಮಗ ಬೇಡಿದರೂ ನಿಲ್ಲದ ಮಗ್ಗ ಸಾವ್ಕಾರನ ಒಂದು ಮಾತಿಗೆ ನಿಂತಿತು. ಅವನು ಕಾರ್ಡಿನ ಮೇಲಿನ ಅಂಕಿಗಳನ್ನು ಓದಿ, ತಿರುಗಿ ವೀರೇಶನ ಬೆನ್ನು ತಟ್ಟಿದ.

"ಅಮೀನಪ್ಪಾ, ನಿನ್ನ ಮಗಾ ಭಾಳ ಶ್ಯಾಣ್ಯಾ. ನಾವು ಕೂತು ವಿಚಾರ ಮಾಡೂದ್ರಾಗ ಡಿಜೈನಿಗೆ ನಂಬರ ಹಾಕಿ ಮುಗಿಸ್ಯಾನ. ಇವತ್ತಿಂದ ಇದು 7714 ಖಣ."

ವೀರೇಶ ಬಾಯಿ ತೆರೆಯುವಷ್ಟರಲ್ಲಿ ಮಗ್ಗ ಮತ್ತೆ ಹೊರಟಿತು. ಅದರ ಸದ್ದಿನಲ್ಲಿ ಗಡಿಯಾರ ಎಂಟು ಹೊಡೆದದ್ದು ಖಾಸಿಂಸಾಬನಿಗೆ ಮಾತ್ರ ಕೇಳಿಸಿತು. ಅವನು ಸದ್ದಿಲ್ಲದೆ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ. ವಿದ್ಯಾಗಿರಿಯಲ್ಲಿ ಯುವರಾಜ ಆ ಹೊತ್ತಿಗೆ ಕೋಟೆ ಹತ್ತಿ, ಕೆಳಗಿನ ಹೊಂಡವನ್ನು ತನ್ನದೆಂದು ನೋಡುತ್ತಿದ್ದಿರಬೇಕು.

ದುರ್ಗವ್ವ ಹೊಸ ಖಣವನ್ನು ತೋಳಿನ ಮೇಲೆ ಹಾಸಿ, ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಭಾಳ ಚಂದ ಆಗೈತಿ ವೀರೂ" ಎಂದಳು. ಅವನು ಕಟ್ಟಿದ್ದೆಲ್ಲವೂ ಕಳೆದುಹೋದ ದಿನ, ಅವನು ಮಾಡದೇ ಇದ್ದ ಚುಕ್ಕೆಗಾಗಿ ಅವ್ವ ಮೊದಲ ಸಲ ಆ ಮಾತು ಹೇಳಿದ್ದಳು.

"ಅಕ್ಷರಾ ಖರೇನ ದುಂಡಗ ಅದಾವು" ಎಂದ ಅಮೀನಪ್ಪ ಹೆಮ್ಮೆಯಿಂದ. "ಸೊಸೈಟಿಗೆ ನಾಳೆ ಒಂದಿನ ರಜಾ ಹಾಕು. ಇಳಕಲ್ಲಿನಾಂವ ಓಣಿಗೆಲ್ಲಾ ಪಟ್ಟಿ ಹೊಡದು ಕೊಡ್ತಾನ. ಎಲ್ಲಾದ್ರ ಮ್ಯಾಲೂ ಆ ನಂಬರ ನೀನ ಬರೀಬೇಕು. ಇಲ್ಲಂದ್ರ ಡಿಜೈನು ನಮ್ಮದಂತ ಪುರಾವೆ ಏನಿರ್ತದ?"