ಎರಡು ಕಂಪ್ಯೂಟರುಗಳ ನಡುವೆ ನಮ್ಮ ಕಾಕಾ

ನಮ್ಮ ಕಾಕಾ ಒಂದು ಕಡೆ ಕೂತಿದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಕ್ಷೌರದ ಕುರ್ಚಿಯಿಂದಲೂ ಅರ್ಧಕ್ಕೆ ಎದ್ದ ಪುಣ್ಯಾತ್ಮ ಅವನು. ಹುಮನಾಬಾದಿನ ಬಸ್ಸು ಹೊರಟಿತೆಂದು ಕೆನ್ನೆಯ ನೊರೆ ಒರೆಸಿಕೊಂಡು ಓಡಿದ. ಅರ್ಧ ಗಡ್ಡ ಕಂಡ ಅಲ್ಲಿನ ಜನ, ಯಾವುದೋ ಹರಕೆ ಇರಬೇಕೆಂದು ಕೈಮುಗಿದರಂತೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮಪ್ಪನಿಗೆ ಲಕ್ವಾ ಹೊಡೆದು ಮೈ, ಮಾತು ಎರಡೂ ನಿಂತುಹೋಗಿದ್ದವು. ಅವನಿಗೆ ಏನು ಬೇಕು, ಏನು ಬೇಡ ಎಂದು ತಿಳಿಯದೆ ಮನೆಯವರೆಲ್ಲ ಒದ್ದಾಡುತ್ತಿದ್ದೆವು. ಕಾಕಾ ದಿನಾ ಬಸವಕಲ್ಯಾಣದ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು "ಅಣ್ಣಾ, ಹ್ಯಾಂಗಿದ್ದಿ?" ಎನ್ನುವನು. ಉತ್ತರವಿಲ್ಲದ ಮಂಚವನ್ನು ನೋಡಲಾಗದೆ ಓಡುವನು.

ಅವ್ವನಿಗೆ ಸಿಟ್ಟು. "ಮಷಿನ್ ಸಂಗಟ ಹಗಲೆಲ್ಲ ಮಾತಾಡ್ತಿ, ನಿಮ್ಮಣ್ಣನ ಸಂಗಟ ಒಂದು ಗಳಿಗಿ ಆಡಾಕ ಆಗಂಗಿಲ್ಲೇನು?"

ಮಷಿನ್ ಎಂದರೆ ಕಂಪ್ಯೂಟರ್! ಹೈದರಾಬಾದಿನಲ್ಲಿ ಆ ವಿದ್ಯೆ ಕಲಿತು ಬಂದಿದ್ದ ಕಾಕಾ, ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ತೊಗರಿಯ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದಿದ್ದ. ಮಿಲ್ಲಿನ ಸಾಹುಕಾರರು ಖುಷಿಯಾಗಿ ಬಸವಕಲ್ಯಾಣದ ತಮ್ಮ ಇನ್ನೊಂದು ಮಿಲ್ಲಿಗೂ ಒಂದು ಕಂಪ್ಯೂಟರ್ ತರಿಸಿದರು. ಅದು ಬೇರೆ ಜಾತಿಯದು. ಕಾಕಾ ಆ ಪ್ರೋಗ್ರಾಂ ಇದ್ದ ಫ್ಲಾಪಿಯನ್ನು ರೊಟ್ಟಿಯ ಡಬ್ಬಿಯಲ್ಲಿ ಜೋಪಾನವಾಗಿ ಒಯ್ದು ಹಾಕಿದರೆ, ಅದು ಕಮಕ್ ಕಿಮಕ್ ಎನ್ನಲಿಲ್ಲ.

"ಎರಡೂ ಟಿವಿ ಹಾಂಗ ಕಾಣ್ತಾವಲ್ಲೋ?" ಎಂದರು ಸಾಹುಕಾರರು.

"ಮಾರಿ ಒಂದೇ ಅದ್ರಿ, ಒಳಗಿನ ಕಾರಭಾರಿ ಬ್ಯಾರೆ ಅದಾನ್ರಿ," ಎಂದ ಕಾಕಾ. ಆಪರೇಟಿಂಗ್ ಸಿಸ್ಟಂ ಎಂಬುದನ್ನು ತೊಗರಿ ವ್ಯಾಪಾರಿಗೆ ಇನ್ನು ಹೇಗೆ ತಿಳಿಸುವುದು?

ಸರಿ, ಇದಕ್ಕೇ ಬೇರೆ ಪ್ರೋಗ್ರಾಂ ಬರೆದ. ಅಲ್ಲೇ ಎಡವಟ್ಟಾಯಿತು! ಒಟ್ಟು ತೂಕದಿಂದ ಚೀಲದ ತೂಕ ಕಳೆಯುವ ತಿದ್ದುಪಡಿಯನ್ನು ಹುಮನಾಬಾದಿನಲ್ಲಿ ಮಾಡಿ, ಇಲ್ಲಿ ಮಾಡುವುದನ್ನು ಅವಸರದಲ್ಲಿ ಮರೆತ. ಬಸವಕಲ್ಯಾಣದಲ್ಲಿ ಗೋಣಿಚೀಲವೂ ತೊಗರಿಯ ಲೆಕ್ಕಕ್ಕೆ ಸೇರತೊಡಗಿತು. ಸುದ್ದಿ ತಿಳಿದದ್ದೇ ತಡ, ಹುಮನಾಬಾದಿಗೆ ಹೊರಟಿದ್ದ ರಾಜೇಶ್ವರ ಊರಿನ ತೊಗರಿ ಗಾಡಿಗಳೆಲ್ಲ ಇತ್ತ ತಿರುಗಿದವು. ಸಾಹುಕಾರರು ಕಾಕಾನನ್ನು ಹುಡುಕಿದರೆ ಅವನು ಬಸ್ಸಿನಲ್ಲಿದ್ದ. ಯಾವ ಬಸ್ಸಿನಲ್ಲಿ? ಅದು ಅವನಿಗೂ ಗೊತ್ತಿರಲಿಲ್ಲವೇನೋ!

ಕೊನೆಗೆ ಕಾಕಾನಿಗೆ ಉಪಾಯ ಹೊಳೆಯಿತು. ಲೆಕ್ಕವನ್ನು ಒಂದೇ ಕಡೆ ಬರೆದು ಎರಡೂ ಯಂತ್ರಗಳಿಗೆ ಅದನ್ನೇ ಕೊಟ್ಟ. ಯಂತ್ರದ ಜೊತೆ ಮಾತಾಡುವ ಭಾಗವನ್ನು ಮಾತ್ರ ಅವುಗಳ ರೀತಿಗೆ ತಕ್ಕಂತೆ ಬೇರೆ ಬೇರೆ ಬರೆದ. ಅಡುಗೆ ಒಂದೇ, ತಾಟು ಬೇರೆ. ಬಸವಕಲ್ಯಾಣದ ಯಂತ್ರವೂ ಸರಿಯಾದ ಚೀಟಿ ಕೊಟ್ಟಿತು.

ಅವತ್ತು ಕಾಕಾ ಕುಣಿಯುತ್ತ ಮನೆಗೆ ಬಂದು ಅವ್ವನಿಗೆ ಹೇಳಿದ. "ವೈನೀ, ಮಷಿನ್ ಕೆಟ್ಟಿರಲೇ ಇಲ್ಲ! ಅದಕ್ಕ ತಿಳಿಯೋ ಹಾಂಗ ನಾನೇ ಕೇಳಿರಲಿಲ್ಲ..."

ಕಾಕಾ ಮಂಚದ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ವೈನೀ, ಚಾದರದೊಳಗ ಅಣ್ಣನ ಎಡಗಾಲಿನ ಹೆಬ್ಬೆರಳು ಅಳ್ಳಾಡ್ತದಲ್ಲ?"

"ಸೊಳ್ಳಿ ಕಡೀತಾವಪ್ಪ. ಅದಕ್ಕೇ ನಾ ಚಾದರ ಹೊಚ್ಚತೀನಿ," ಎಂದಳು ಅವ್ವ.

ಕಾಕಾ ಚಾದರ ಸರಿಸಿದ. "ಅಣ್ಣಾ, ಹೌದಾದ್ರ ಬೆರಳು ಅಳ್ಳಾಡಸು. ಅಲ್ಲಾದ್ರ ಸುಮ್ಮನಿರು. ರೇಡಿಯೋ ಕೇಳತಿ?"

ಬೆರಳು ಸುಮ್ಮನಿತ್ತು.

"ಬಂದ್ ಮಾಡ್ಲಿ?"

ಬೆರಳು ಕುಣಿದ ರಭಸಕ್ಕೆ ನಾನು ಬೆಚ್ಚಿಬಿದ್ದೆ! ಅಪ್ಪನಿಗೆ ಬೇಸರವಾಗದಿರಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಅವನ ಕಿವಿಯ ಪಕ್ಕ ರೇಡಿಯೋ ಕೂಗಿಸುತ್ತಿದ್ದವರು ನಾವೇ. ಅವ್ವ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಾಕಾ ಕೇಳುತ್ತ ಹೋದ. ಗಂಜಿ ಸಪ್ಪಗದ ಏನು? ಕಿಟಕಿ ತೆಗೀಲೇನು? ಬೆರಳು ಉತ್ತರ ಕೊಡುತ್ತಲೇ ಇತ್ತು. ಆಮೇಲೆ ಕಾಕಾನ ದನಿ ಸಣ್ಣದಾಯಿತು.

"ನಾ ಹೋಗ್ಲೇನಣ್ಣಾ?"

ಬೆರಳು ಅಲುಗಲಿಲ್ಲ.

"ಮತ್ತ... ನಿನ್ನ ಬಾಜೂ ಕೂಡ್ಲೇನು?"

ಅಪ್ಪನ ಬೆರಳು ಮೆಲ್ಲಗೆ ಅಲುಗಿತು. ಕಾಕಾ ಮಂಚದ ಅಂಚಿನಲ್ಲಿ ಕೂತು, ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ.