ಸುಟ್ಟ ಮೋಟಾರಿಗೆ ಮಡಿಲಕ್ಕಿ

ಅಂಗಡಿಯ ಕಲ್ಲುಮೆಟ್ಟಿಲಿನ ಎಡಕ್ಕೆ, ವಾರ್ನಿಷ್ ಡ್ರಮ್ಮಿಗೂ ಬೇವಿನ ಮರಕ್ಕೂ ನಡುವೆ ನಾನು ನಿಂತಿದ್ದೆ. ಊರು ಪಾಂಡವಪುರ. ಗೌರಿ ಹಬ್ಬ ಕಳೆದ ಮೊದಲ ಶುಕ್ರವಾರ, ಮಧ್ಯಾಹ್ನದ ನಮಾಜು ಆಗಷ್ಟೇ ಮುಗಿದಿತ್ತು. ಇಷ್ಟು ಖಚಿತವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಸೋದರಮಾವನ ವಿಷಯದಲ್ಲಿ ಯಾರೂ ಯಾರ ಮಾತನ್ನೂ ನಂಬುವುದಿಲ್ಲ. ಮಕ್ಕಳೇ ಇಲ್ಲದ ಈ ಮನುಷ್ಯನಿಗೆ ನಾಲ್ಕು ತಾಲ್ಲೂಕಿನ ತುಂಬ ಹೆಣ್ಣುಮಕ್ಕಳೂ ಅಳಿಯಂದಿರೂ ಇದ್ದರು ಎಂದರೆ ನೀವಾದರೂ ನಂಬುತ್ತೀರಾ?

ಅವಸರಪಟ್ಟು ಏನನ್ನೋ ಊಹಿಸಬೇಡಿ! ಮಾವನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕಸುಬು. ರಿಪೇರಿಯಾದ ಪ್ರತಿ ಮೋಟಾರೂ ಅವರ ಮಗಳು. ಒಯ್ಯಲು ಬಂದ ರೈತ ಅಳಿಯ. ಅತ್ತೆ ತಟ್ಟೆ ಹಿಡಿದು ಬರಬೇಕು. ಮೋಟಾರಿಗೆ ಕುಂಕುಮವಿಟ್ಟು, ಅಕ್ಕಿ, ಬೆಲ್ಲ, ತೆಂಗಿನಕಾಯಿ ಬಟ್ಟೆಯಲ್ಲಿ ಗಂಟು ಕಟ್ಟಿ ಮಡಿಲಕ್ಕಿ ಕೊಡಬೇಕು. ಆಮೇಲೆ ಮಾವ ಮೋಟಾರಿನ ಬೆನ್ನು ತಟ್ಟಿ, “ಓಗವ್ವ ತಾಯಿ, ಇನ್ನ ತವರಿನ ಕಡೆ ತಲೆ ಹಾಕ್ಬ್ಯಾಡ” ಎಂದು ಕಳಿಸುತ್ತಿದ್ದರು. ಮತ್ತೆ ಬರಬೇಡ ಎಂದು ಹರಸುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಕಿಕ್ಕೇರಿಯಿಂದ ಮೊದಲ ಸಲ ಬಂದಿದ್ದ ಗೌಡರು ಇದನ್ನು ಕಂಡು ಗಾಬರಿಯಾದರು.

“ಅಕ್ಕಿಕಾಳು ಒಳೀಕ್ ಬಿದ್ರೆ ಮೋಟ್ರು ಕೆಟ್ಟೋಗಾಕಿಲ್ವಾ ಸ್ವಾಮಿ?”

“ಗಂಟು ಮನೀಗೆ, ಮಗ್ಳು ಬಾವಿಗೆ ಅಳಿಯಂದ್ರೇ. ಅದ್ಲುಬದ್ಲು ಮಾಡ್ಬುಟ್ಟೀರಿ!”

ನಾಗಮಂಗಲದ ಅಳಿಯನೊಬ್ಬ ಅದೇ ಮೋಟಾರನ್ನು ಮತ್ತೆ ಸುಟ್ಟುಕೊಂಡು ತಂದಾಗ ಮಾವ ಅವನನ್ನು ಬಿಸಿಲಿನಲ್ಲೇ ನಿಲ್ಲಿಸಿಬಿಟ್ಟರು.

“ಬಾವಿಲಿ ನೀರಿಲ್ದೆ ಓಡ್ಸಿದ್ಯೇನ್ಲಾ? ಎಣ್ಣು ಕೊಟ್ಟಿದ್ದು ಬಾಳ್ಸಾಕೋ, ಗಂಟ್ಲು ಒಣಗ್ಸಾಕೋ?”

ಅವನು ತಲೆ ತಗ್ಗಿಸಿ, “ತಪ್ಪಾಯ್ತು ಮಾವ” ಎಂದ. ಅಷ್ಟೇ ಅಲ್ಲ, ಸ್ವಲ್ಪ ದಿನದಲ್ಲೇ ತನ್ನ ಅಣ್ಣನ ಮೋಟಾರನ್ನೂ ಇಲ್ಲಿಗೇ ಹೊತ್ತು ತಂದ! ಬೈಯುವುದಕ್ಕೆ ಅವರೂರಿನಲ್ಲಿ ಜನ ಇರಲಿಲ್ಲವೇ?

ಗೌರಿ ಹಬ್ಬಕ್ಕೆ ಮಾವ ಮೊಪೆಡ್ ಏರಿ, ಗ್ರೀಸಿನ ಡಬ್ಬ ಹಿಡಿದು, ‘ಹೆಣ್ಣುಮಕ್ಕಳನ್ನು’ ನೋಡಲು ಗದ್ದೆಗದ್ದೆ ತಿರುಗುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, “ನಂಗೊಂದು ಡಜನ್ ಬಳೆ ತಂದ್ಕೊಟ್ಟೋರಲ್ಲ, ಮೋಟ್ರುಗೊಳ್ಗೆ ಬಾಗ್ನವಂತೆ!” ಎನ್ನುತ್ತಿದ್ದರು. ಓದಿದವರು ಇದನ್ನು ಗಿರಾಕಿಯ ನಿಷ್ಠೆ ಗಳಿಸುವುದು ಎನ್ನುತ್ತಾರಂತೆ. ಮಾವ ಬೀಗತನ ಎನ್ನುತ್ತಿದ್ದರು.

ಕೆಲಸಗಾರನಿಗೆ ಬೇರೆಯದೇ ಸಂಪ್ರದಾಯ. ಮಾವನ ಕಣ್ಣು ಮಂಜಾದ ಮೇಲೆ ತಂತಿ ಸುತ್ತುತ್ತಿದ್ದವನು ರಹಮತ್ತು ಒಬ್ಬನೇ. ಅವನ ಕೈ ನಿಂತರೆ ಅಂಗಡಿ ನಿಂತಂತೆ. ಪ್ರತಿ ಶುಕ್ರವಾರ ಅವನು ನಮಾಜು ಮುಗಿಸಿ ಬಂದು ಮಾವನ ಕುರ್ಚಿಯಲ್ಲಿ ಕೂರಬೇಕು. ಸಂಜೆಯವರೆಗೆ ಅವನೇ ಧಣಿ, ಮಾವ ಕೂಲಿಯಾಳು.

“ಧಣಿ ಆದೋನು ಲೇ ಅನ್ಬೇಕು ಕಣ್ಲಾ!”

ರಹಮತ್ತು ಸಂಕಟಪಟ್ಟುಕೊಂಡು, “ಲೇ... ಚಾಚಾ, ಒಂದು ಟೀ ತಗಂಬನ್ನಿ” ಎನ್ನುತ್ತಿದ್ದ.

ಬರಬರುತ್ತಾ ಅವನಿಗೂ ಕುರ್ಚಿ ಒಗ್ಗಿತು. ಒಂದು ಶುಕ್ರವಾರ ಮಾವ ಕೈಕಟ್ಟಿ ನಿಂತು, ಶ್ರೀರಂಗಪಟ್ಟಣದಲ್ಲಿ ಬೀಗರೂಟವಿದೆ, ರಜ ಬೇಕು ಎಂದರು. ರಹಮತ್ತು ಯೋಚಿಸಿ, “ರಜ ಇಲ್ಲ. ಕೆಲ್ಸ ನೋಡಿ” ಎಂದ. ಬಾಡೂಟ ತಪ್ಪಿಸಿಕೊಂಡ ಮಾವ ಇಡೀ ವಾರ ಊರೆಲ್ಲ ಹೇಳಿಕೊಂಡು ಬಂದರು: “ಬಲು ಕಟ್ನಿಟ್ಟಿನ ಧಣಿ ಕಣ್ರೀ!”

ಈಗ ಬೇವಿನ ಮರದ ಬಳಿಗೆ ಬರೋಣ. ಆ ಶುಕ್ರವಾರ ಕಿಕ್ಕೇರಿ ಗೌಡರ ಎರಡನೆಯ ಮೋಟಾರು ಮೆಟ್ಟಿಲ ಮೇಲಿತ್ತು. ಅತ್ತೆ ತಟ್ಟೆ ಹಿಡಿದು ನಿಂತಿದ್ದರು. ಮಡಿಲಕ್ಕಿ ಮುಗಿಯಿತು. ರಹಮತ್ತು ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

“ಚಾಚಾ, ಬಾಬುರಾಯನಕೊಪ್ಪಲಲ್ಲಿ ಹೊಸ ಅಂಗ್ಡಿಯೋರು ಕರೀತಾವ್ರೆ. ಸಂಬ್ಳ ಜಾಸ್ತಿ. ಮಕ್ಳು ದೊಡ್ಡೋರಾದ್ರು...”

ಗೌಡರು ಗಂಟನ್ನು ಕಂಕುಳಲ್ಲೇ ಒತ್ತಿಕೊಂಡರು. ಇಷ್ಟು ವರ್ಷದ ಕುರ್ಚಿ, ಲೇ, ಟೀ ಎಲ್ಲ ಅವನನ್ನು ಹಿಡಿದು ನಿಲ್ಲಿಸುತ್ತವೆಯೇ? ನಾನು ಮಾವನ ಮುಖವನ್ನೇ ನೋಡುತ್ತಿದ್ದೆ.

“ಇವತ್ತು ಯಾವ ವಾರ್ಲಾ?”

“ಶುಕ್ರವಾರ.”

“ಧಣಿ ಓಯ್ತೀನಿ ಅಂದ್ರೆ ಕೂಲಿಯಾಳು ತಡೆಯಾಕಾಯ್ತದಾ? ಟವಲ್ ಹಿಡಿ.”

ಅತ್ತೆಯ ಕೈಯಿಂದ ಮಾವನೇ ತಟ್ಟೆ ತೆಗೆದುಕೊಂಡರು. ಕುಂಕುಮದ ಬಟ್ಟಲನ್ನು ಮಾತ್ರ ಪಕ್ಕಕ್ಕಿಟ್ಟರು. ಅಕ್ಕಿ ಸುರಿದರು, ಬೆಲ್ಲ ಇಟ್ಟರು, ಮಂಜುಗಣ್ಣಿಗೆ ಹತ್ತಿರ ಹಿಡಿದು ನೋಡಿ ಒಳ್ಳೆಯ ತೆಂಗಿನಕಾಯಿ ಆರಿಸಿ ಇಟ್ಟರು. ಗಂಟು ಕಟ್ಟಿ ಅವನ ಬೆನ್ನು ತಟ್ಟಿದರು.

“ಬೇಜಾರಾದ್ರೆ ಬಂದ್ಬುಡ್ಲಾ.”

ರಹಮತ್ತು ಮೂಗು ಒರೆಸಿಕೊಂಡು ನಗಲು ನೋಡಿದ. “ಮೋಟ್ರಿಗೆ ಬರ್ಬ್ಯಾಡ ಅಂತೀರಿ, ನಂಗೆ ಬಾ ಅಂತೀರಾ ಚಾಚಾ?”

“ಮೋಟ್ರು ಕೆಟ್ರೆ ತಾನೇ ಬರೋದು? ನೀನು ಕೆಡ್ದಿದ್ರೂ ಬಾ.”

ಇದನ್ನು ಕಣ್ಣಾರೆ ಕಂಡವರಲ್ಲಿ ಮಾವ ಈಗಿಲ್ಲ. ಇರುವವರು: ನಾನು, ಅತ್ತೆ, ಕಿಕ್ಕೇರಿಯ ಗೌಡರು, ಮತ್ತು ಮಾವನ ತಿಥಿ ಕಳೆದ ಮೇಲೆ ಮರಳಿ ಬಂದು ಅಂಗಡಿಯ ಬಾಗಿಲು ತೆಗೆದ, ಶುಕ್ರವಾರ ಮಾತ್ರ ಆ ಕುರ್ಚಿಯಲ್ಲಿ ಕೂರುವ ರಹಮತ್ತು. ಲೆಕ್ಕಕ್ಕೆ ಹಿಡಿಯುವುದಾದರೆ ಗೌಡರ ಆ ಮೋಟಾರೂ ಇದೆ. ಅದು ಇನ್ನೂ ತವರಿಗೆ ಬಂದಿಲ್ಲ.